ತೆರಿಗೆ ಇಳಿಸುವುದೋ, ಖರ್ಚು ಏರಿಸುವುದೋ: ಅಮೆರಿಕದ ಉತ್ತೇಜನ ಮಸೂದೆಗಳನ್ನು ತೂಗಿ ನೋಡುವ ಬಗೆ

2009ರ ಫೆಬ್ರುವರಿ 13, ಶುಕ್ರವಾರ. ವಾಷಿಂಗ್ಟನ್ನಿನ ಸೆನೆಟ್‌ನಲ್ಲಿ ಸಂಜೆ ಆರಂಭವಾದ ಮತದಾನ ರಾತ್ರಿ ಬಹಳ ಹೊತ್ತಾದರೂ ಮುಗಿದಿರಲಿಲ್ಲ. ವಿತ್ತೀಯ ಕೊರತೆಯನ್ನು ಹೆಚ್ಚಿಸುವ ಮಸೂದೆಯಾದ್ದರಿಂದ 60 ಮತ ಬೇಕಿತ್ತು, ಬಿದ್ದಿದ್ದು 59. ಡೆಮಾಕ್ರಟ್ ಸೆನೆಟರ್ ಟೆಡ್ ಕೆನಡಿ ಮೆದುಳಿನ ಗೆಡ್ಡೆಗೆ ಚಿಕಿತ್ಸೆ ಪಡೆಯುತ್ತಿದ್ದರು. ಮಿನ್ನೆಸೋಟದ ಒಂದು ಸ್ಥಾನದ ಮತ ಎಣಿಕೆ ಇನ್ನೂ ವ್ಯಾಜ್ಯದಲ್ಲಿತ್ತು. ಓಹಿಯೊದ ಶೆರಾಡ್ ಬ್ರೌನ್ ತಾಯಿಯನ್ನು ಕಳೆದುಕೊಂಡು ಊರಿನಲ್ಲಿದ್ದರು. ಅಂತಿಮ ನಮನಕ್ಕೆ ಬಂದಿದ್ದ ಜನರ ನಡುವಿನಿಂದ ಎದ್ದು, ಸರ್ಕಾರಿ ವಿಮಾನ ಹತ್ತಿ ಬಂದು, 60ನೆಯ ಮತ ಹಾಕಿ, ಮತ್ತೆ ತಾಯಿಯ ಅಂತ್ಯಕ್ರಿಯೆಗೆ ಹೊರಟರು.

ಹೀಗೆ 60–38ರಲ್ಲಿ ಅಂಗೀಕಾರವಾದದ್ದು 78,700 ಕೋಟಿ ಡಾಲರಿನ ಚೇತರಿಕೆ ಕಾಯಿದೆ. ಸೆನೆಟ್‌ನ ರಿಪಬ್ಲಿಕನ್ನರಲ್ಲಿ ಸೂಸನ್ ಕಾಲಿನ್ಸ್, ಒಲಿಂಪಿಯಾ ಸ್ನೋ, ಆರ್ಲನ್ ಸ್ಪೆಕ್ಟರ್ ಎಂಬ ಮೂವರು ಮಾತ್ರ ಬೆಂಬಲಿಸಿದರು. ಪ್ರತಿನಿಧಿ ಸಭೆಯಲ್ಲಿ ಅದಕ್ಕೆ 246 ಮತ ಬಂದವು. ಅವುಗಳಲ್ಲಿ ರಿಪಬ್ಲಿಕನ್ ಮತ ಒಂದೂ ಇರಲಿಲ್ಲ. ನಾಲ್ಕು ದಿನಗಳ ನಂತರ ಡೆನ್ವರ್ ನಗರದಲ್ಲಿ ಒಬಾಮ ಅದಕ್ಕೆ ಸಹಿ ಹಾಕಿದರು.

ಸೆನೆಟ್ಟಿನ ಆ ಮತದಾನಕ್ಕೆ ಸರಿಯಾಗಿ ಒಂದು ವರ್ಷ ಹಿಂದೆ, 2008ರ ಫೆಬ್ರುವರಿ 13ರಂದು, ಜಾರ್ಜ್ ಬುಷ್ ಸುಮಾರು 15,200 ಕೋಟಿ ಡಾಲರಿನ ಉತ್ತೇಜನ ಕಾಯಿದೆಗೆ ಸಹಿ ಹಾಕಿದ್ದರು. ಅದು ಪ್ರತಿನಿಧಿ ಸಭೆಯಲ್ಲಿ 380–34ರಿಂದ ಗೆದ್ದಿತ್ತು. ಕುಸಿಯುತ್ತಿರುವ ಆರ್ಥಿಕತೆಗೆ ಸರ್ಕಾರ ಸಾಲ ಮಾಡಿಯಾದರೂ ಹಣ ಸುರಿಯಬಹುದು ಎಂಬುದರಲ್ಲಿ ಎರಡೂ ಪಕ್ಷಗಳಿಗೆ ಅಂದು ತಕರಾರಿರಲಿಲ್ಲ. ಆ ಹಣ ಖಜಾನೆಯ ಯಾವ ಬಾಗಿಲಿನಿಂದ ಹೊರಗೆ ಹೋಗಬೇಕು, ಎಷ್ಟು ಹೋಗಬೇಕು ಎಂಬ ಪ್ರಶ್ನೆ ಬಂದಾಗ ಜಗಳ ಹತ್ತಿತು. ಆ ಜಗಳ ಈಗಲೂ ಆರಿಲ್ಲ. ಅಮೆರಿಕದಲ್ಲಿ ಮತದ ಹಕ್ಕು ಪಡೆದಿರುವ ಕನ್ನಡಿಗರು ಮುಂದಿನ ಹಿಂಜರಿತ ಬಂದಾಗ ಇದೇ ಆಯ್ಕೆಗಳ ನಡುವೆ ನಿಲ್ಲುತ್ತಾರೆ. ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಗ್ರಾಹಕರಿಗೆ ಕೆಲಸ ಮಾಡುವವರಿಗೂ ಅದರ ಬಿಸಿ ತಟ್ಟುತ್ತದೆ. ಆ ಹೊತ್ತಿಗೆ ಕೈಯಲ್ಲಿ ಒಂದು ಅಳತೆಗೋಲು ಇರಲಿ ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಹಣೆಪಟ್ಟಿಯನ್ನು ಮೊದಲು ಕಿತ್ತು ನೋಡಿ

‘ತೆರಿಗೆ ಕಡಿತ’, ‘ಖರ್ಚು’ ಎಂಬ ಹೆಸರುಗಳನ್ನೇ ನಂಬಿ ಹೋಲಿಕೆಗೆ ಇಳಿದರೆ ದಾರಿ ತಪ್ಪುತ್ತೇವೆ. 2009ರ ಕಾಯಿದೆಯಲ್ಲಿ ಸುಮಾರು 28,800 ಕೋಟಿ ಡಾಲರ್, ಅಂದರೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು, ತೆರಿಗೆ ಕಡಿತವೇ ಆಗಿತ್ತು. ಅದರಲ್ಲಿ ಸುಮಾರು 7,000 ಕೋಟಿ ಡಾಲರ್ ಶ್ರೀಮಂತರು ತೆರಿಗೆ ತಪ್ಪಿಸಿಕೊಳ್ಳದಂತೆ ತಂದಿದ್ದ ಪರ್ಯಾಯ ಕನಿಷ್ಠ ತೆರಿಗೆ ಮಧ್ಯಮ ವರ್ಗದ ಮೇಲೆ ಬೀಳದಂತೆ ಹಾಕಿದ ತೇಪೆ. ಸಂಸತ್ತು ಅಂಥ ತೇಪೆಯನ್ನು ವರ್ಷವರ್ಷವೂ ಹಾಕುತ್ತಲೇ ಇತ್ತು. ಹೇಗೂ ಆಗಲಿದ್ದ ಕೆಲಸವನ್ನು ಉತ್ತೇಜನ ಎಂದು ಲೆಕ್ಕಕ್ಕೆ ಹಿಡಿದರೆ ಮೊತ್ತ ದೊಡ್ಡದಾಗುತ್ತದೆ, ಪರಿಣಾಮ ಅಷ್ಟೇ ಇರುತ್ತದೆ.

ಅದೇ ಕಾಯಿದೆಯ ದೊಡ್ಡ ತೆರಿಗೆ ರಿಯಾಯಿತಿ ದುಡಿಯುವ ಒಬ್ಬರಿಗೆ ವರ್ಷಕ್ಕೆ 400 ಡಾಲರ್, ದಂಪತಿಗೆ 800 ಡಾಲರ್ ಕೊಟ್ಟಿತು. ಆದಾಯ ತೆರಿಗೆ ಕಟ್ಟುವಷ್ಟು ಗಳಿಕೆ ಇಲ್ಲದ ದುಡಿಮೆಗಾರರಿಗೂ ಅದು ಸಿಗುತ್ತಿತ್ತು. ಡೆಮಾಕ್ರಟರು ಅದನ್ನು ತೆರಿಗೆ ಕಡಿತ ಎಂದರು. ಕಟ್ಟದ ತೆರಿಗೆಯನ್ನು ಹಿಂದಿರುಗಿಸುವುದು ಕಡಿತ ಹೇಗಾಗುತ್ತದೆ, ಅದು ಸರ್ಕಾರದ ಖರ್ಚು ಎಂದು ಅನೇಕ ರಿಪಬ್ಲಿಕನ್ನರು ವಾದಿಸಿದರು. ಸಂಬಳದಲ್ಲಿ ಹಿಡಿಯುವ ಸಾಮಾಜಿಕ ಭದ್ರತಾ ತೆರಿಗೆಯನ್ನು ಆ ಜನ ಕಟ್ಟುತ್ತಲೇ ಇರುತ್ತಾರೆ ಎಂಬುದು ಮೊದಲಿನವರ ಉತ್ತರ. ಇದರಲ್ಲಿ ಡೆಮಾಕ್ರಟರ ಉತ್ತರ ನನಗೆ ಸರಿ ಎನಿಸುತ್ತದೆ. ಆದರೆ ಎದುರಿನ ವಾದ ಲೆಕ್ಕಪತ್ರದ ದೃಷ್ಟಿಯಿಂದ ತಪ್ಪಲ್ಲ.

ಹೆಸರನ್ನು ಬಿಟ್ಟು ಕೇಳಬೇಕಾದದ್ದು ಇಷ್ಟು: ಈ ಹಣ ಯಾರ ಕೈ ಸೇರುತ್ತದೆ? ಅವರು ಅದನ್ನು ಎಷ್ಟು ಬೇಗ ಮತ್ತೊಬ್ಬರ ಕೈಗೆ ದಾಟಿಸುತ್ತಾರೆ? ಕಷ್ಟ ಮುಗಿದ ಮೇಲೆ ಹರಿವು ತಾನಾಗಿ ನಿಲ್ಲುತ್ತದೆಯೇ? ಅರ್ಥಶಾಸ್ತ್ರಜ್ಞ ಲ್ಯಾರಿ ಸಮರ್ಸ್ 2008ರ ಆರಂಭದಲ್ಲಿ ಉತ್ತೇಜನ ಸಕಾಲಿಕವಾಗಿರಬೇಕು, ಗುರಿ ಮುಟ್ಟುವಂತಿರಬೇಕು, ತಾತ್ಕಾಲಿಕವಾಗಿರಬೇಕು ಎಂದಿದ್ದರು. ಮುಂದೆ ಅವರೇ ಒಬಾಮ ಅವರ ಸಲಹೆಗಾರರಾದರು.

ಒಂದೇ ಚೆಕ್ಕೋ, ಸಂಬಳದಲ್ಲಿ ಚಿಲ್ಲರೆಯೋ

2008ರಲ್ಲಿ ಬುಷ್ ಸರ್ಕಾರ ಒಬ್ಬರಿಗೆ 600, ದಂಪತಿಗೆ 1,200, ಪ್ರತಿ ಮಗುವಿಗೆ 300 ಡಾಲರಿನವರೆಗೆ ಒಂದೇ ಗಂಟಿನಲ್ಲಿ ಕಳುಹಿಸಿತು. 2009ರಲ್ಲಿ ಒಬಾಮ ಸರ್ಕಾರ ಬೇರೆ ದಾರಿ ಹಿಡಿಯಿತು. ಆ 400 ಡಾಲರನ್ನು ಚೆಕ್ ಆಗಿ ಕಳುಹಿಸದೆ, ಸಂಬಳದಿಂದ ಕಡಿತವಾಗುವ ತೆರಿಗೆಯನ್ನೇ ಕೊಂಚ ಇಳಿಸಿ, ವಾರವಾರವೂ ಕೆಲವೇ ಡಾಲರು ಹೆಚ್ಚು ಕೈಗೆ ಬರುವಂತೆ ಮಾಡಿತು. ಗಂಟಾಗಿ ಬಂದ ಹಣವನ್ನು ಜನ ಬ್ಯಾಂಕಿನಲ್ಲಿಡುತ್ತಾರೆ, ಸಂಬಳದ ಜೊತೆ ಬೆರೆತು ಬಂದದ್ದು ಗೊತ್ತಾಗದಂತೆ ಖರ್ಚಾಗುತ್ತದೆ ಎಂಬುದು ಅದರ ಹಿಂದಿನ ತರ್ಕ.

ಆ ತರ್ಕ ನಿಲ್ಲಲಿಲ್ಲ. ಅರ್ಥಶಾಸ್ತ್ರಜ್ಞರಾದ ಕ್ಲಾಡಿಯಾ ಸಾಮ್, ಮ್ಯಾಥ್ಯೂ ಶಪಿರೊ, ಜೋಯಲ್ ಸ್ಲೆಮ್‌ರಾಡ್ ಮನೆಗಳನ್ನೇ ಕೇಳಿ ನೋಡಿದರು. 2008ರ ಚೆಕ್ಕನ್ನು ಹೆಚ್ಚಾಗಿ ಖರ್ಚು ಮಾಡಿದೆವು ಎಂದವರು ಶೇ 25. 2009ರ ಸಂಬಳದ ಹೆಚ್ಚಳದ ಬಗ್ಗೆ ಹಾಗೆ ಹೇಳಿದವರು ಶೇ 13. ಉಳಿದವರು ಉಳಿಸಿದರು, ಇಲ್ಲವೇ ಸಾಲ ತೀರಿಸಿದರು. ಮನೆಗಳ ಖರ್ಚಿನ ದಾಖಲೆಗಳನ್ನು ಹಿಡಿದು ಬೇರೆ ವಿಧಾನದಲ್ಲಿ ಅಳೆದ ಸಂಶೋಧಕರಿಗೆ 2008ರ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೂರು ತಿಂಗಳಲ್ಲಿ ಖರ್ಚಾದದ್ದು ಕಂಡಿತು. ಹಾಗಾಗಿ ಶೇಕಡಾವಾರು ಲೆಕ್ಕವನ್ನು ಕಲ್ಲಿನ ಮೇಲಿನ ಬರಹವೆಂದು ಹಿಡಿಯಬೇಡಿ. ಆದರೆ ಚೆಕ್ಕು ಚಿಲ್ಲರೆಗಿಂತ ಕೆಟ್ಟದೆಂದು ಹೇಳಲು ಆಧಾರವಿಲ್ಲ.

ರಾಜಕೀಯವಾಗಿಯೂ ಒಬಾಮ ಅವರಿಗೆ ಪೆಟ್ಟು ಬಿತ್ತು. ದುಡಿಯುವ ಕುಟುಂಬಗಳಲ್ಲಿ ಬಹುಪಾಲಿಗೆ ತೆರಿಗೆ ಇಳಿದಿತ್ತು. ಒಂದು ವರ್ಷದ ನಂತರ ಕೇಳಿದರೆ ಹಾಗೆ ನಂಬಿದವರು ಹತ್ತರಲ್ಲಿ ಒಬ್ಬರು. ಕಣ್ಣಿಗೆ ಕಾಣದ ನೆರವನ್ನು ಯಾರೂ ನೆನಪಿನಲ್ಲಿಡುವುದಿಲ್ಲ. 2020ರಲ್ಲಿ ಎರಡೂ ಪಕ್ಷಗಳು ಚೆಕ್ಕಿಗೇ ಮರಳಿದವು.

ದರ ಇಳಿಸುವ ವಾದ

ರಿಪಬ್ಲಿಕನ್ನರು 2009ರಲ್ಲಿ ಸುಮ್ಮನೆ ಬೇಡ ಎಂದು ಕೈಕಟ್ಟಿ ಕುಳಿತಿರಲಿಲ್ಲ. ಪ್ರತಿನಿಧಿ ಸಭೆಯಲ್ಲಿ ಅವರ ಪರ್ಯಾಯ ಮಸೂದೆ ಆದಾಯ ತೆರಿಗೆಯ ಶೇ 15ರ ಹಂತವನ್ನು 10ಕ್ಕೂ, ಶೇ 10ರ ಹಂತವನ್ನು 5ಕ್ಕೂ ಇಳಿಸಲು ಹೊರಟಿತ್ತು. ಸೆನೆಟ್‌ನಲ್ಲಿ ಜಾನ್ ಮೆಕೇನ್ ಸುಮಾರು 42,100 ಕೋಟಿ ಡಾಲರಿನ ಚಿಕ್ಕ ಮಸೂದೆ ಮುಂದಿಟ್ಟರು. ಎರಡೂ ಸೋತವು.

ಅವರ ವಾದದ ಗಟ್ಟಿ ಭಾಗವನ್ನು ಗಟ್ಟಿಯಾಗಿಯೇ ಹೇಳಬೇಕು. ತೆರಿಗೆ ಇಳಿಸಲು ಟೆಂಡರ್ ಕರೆಯಬೇಕಿಲ್ಲ, ಯಾವ ಯೋಜನೆ ಯಾರ ಕ್ಷೇತ್ರಕ್ಕೆ ಎಂದು ಅಧಿಕಾರಿಗಳು ತೀರ್ಮಾನಿಸಬೇಕಿಲ್ಲ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ ತೋರಿಸಿದಂತೆ ಜನ ಕೈಗೆ ಬಂದ ಒಂದು ಬಾರಿಯ ಹಣಕ್ಕಿಂತ ಬಾಳಿನುದ್ದಕ್ಕೂ ಬರಲಿರುವ ಆದಾಯವನ್ನು ನೋಡಿ ಖರ್ಚು ಮಾಡುವುದಾದರೆ, ಶಾಶ್ವತ ಕಡಿತವೇ ಹೆಚ್ಚು ಕೆಲಸ ಮಾಡಬೇಕು. ಇನ್ನೂ ಹರಿತವಾದ ಅಸ್ತ್ರ ಅವರಿಗೆ ಎದುರಾಳಿಯ ಮನೆಯಲ್ಲೇ ಸಿಕ್ಕಿತ್ತು. ಒಬಾಮ ಅವರ ಆರ್ಥಿಕ ಸಲಹಾ ಮಂಡಳಿಯ ಅಧ್ಯಕ್ಷೆ ಕ್ರಿಸ್ಟಿನಾ ರೋಮರ್, ಪತಿ ಡೇವಿಡ್ ರೋಮರ್ ಜೊತೆ ಮಾಡಿದ್ದ ಅಧ್ಯಯನದ ಪ್ರಕಾರ, ಜಿಡಿಪಿಯ ಶೇ 1ರಷ್ಟು ತೆರಿಗೆ ಏರಿಸಿದರೆ ಉತ್ಪಾದನೆ ಸುಮಾರು ಶೇ 3ರಷ್ಟು ಕುಸಿಯುತ್ತದೆ. ಇಳಿಸಿದರೆ ಅಷ್ಟೇ ಏರಬೇಕಲ್ಲವೇ ಎಂದು ವಿರೋಧಿಗಳು ಕೇಳಿದರು. 2009ರ ಜನವರಿಯಲ್ಲಿ ಅದೇ ರೋಮರ್, ಜೇರೆಡ್ ಬರ್ನ್‌ಸ್ಟೈನ್ ಜೊತೆ ಬರೆದ ವರದಿಯಲ್ಲಿ ಒಂದು ಡಾಲರ್ ಸರ್ಕಾರಿ ಖರೀದಿಗೆ ಉತ್ಪಾದನೆ 1.57 ಡಾಲರ್, ಒಂದು ಡಾಲರ್ ತೆರಿಗೆ ಕಡಿತಕ್ಕೆ 0.99 ಡಾಲರ್ ಹೆಚ್ಚುತ್ತದೆ ಎಂದಿದ್ದರು.

ಹಾಗಿದ್ದೂ ಹಿಂಜರಿತದ ನಡುವೆ ದರ ಕಡಿತಕ್ಕೆ ಮೊದಲ ಸ್ಥಾನ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೆಲಸವನ್ನೇ ಕಳೆದುಕೊಂಡವನಿಗೆ ತೆರಿಗೆ ದರ ಎಷ್ಟಾದರೇನು? ಆದಾಯ ಹೆಚ್ಚಿದಂತೆ ಲಾಭ ಹೆಚ್ಚುವ ಕಡಿತ, ಉಳಿಸುವ ಶಕ್ತಿ ಇರುವವರ ಕೈಗೇ ಹೆಚ್ಚು ಹೋಗುತ್ತದೆ. ಸಂಸತ್ತಿನ ಬಜೆಟ್ ಕಚೇರಿ ಮುಂದೆ ಹಾಕಿದ ಲೆಕ್ಕದಲ್ಲಿ, ಹೆಚ್ಚು ಆದಾಯದವರಿಗೆ ಕೊಟ್ಟ ಒಂದು ಡಾಲರಿನಿಂದ ಉತ್ಪಾದನೆ ಏರುವುದು 0.1ರಿಂದ 0.6 ಡಾಲರ್, ಸರ್ಕಾರದ ನೇರ ಖರೀದಿಯಿಂದ 0.5ರಿಂದ 2.5. ಅಂತರ ಎಷ್ಟು ಅಗಲ ನೋಡಿ. ನಿಖರ ಗುಣಕ, ಅಂದರೆ ಒಂದು ಡಾಲರಿಗೆ ಉತ್ಪಾದನೆ ಎಷ್ಟು ಏರುತ್ತದೆ ಎಂಬ ಅಂಕಿ, ಯಾರ ಬಳಿಯೂ ಇಲ್ಲ ಎಂಬುದು ಅದರಲ್ಲೇ ಗೊತ್ತಾಗುತ್ತದೆ, ಆದರೆ ಯಾವುದು ಮೇಲೆ ಯಾವುದು ಕೆಳಗೆ ಎಂಬುದೂ ಗೊತ್ತಾಗುತ್ತದೆ. ದೀರ್ಘಕಾಲದ ಹೂಡಿಕೆಗೆ ದರ ಕಡಿತ ಬೇಕೆನ್ನುವವರು ಆ ವಾದವನ್ನು ಒಳ್ಳೆಯ ದಿನಗಳಲ್ಲಿ ಮಂಡಿಸಲಿ. 2017ರ ಡಿಸೆಂಬರಿನಲ್ಲಿ ಕಂಪನಿ ತೆರಿಗೆಯನ್ನು ಶೇ 35ರಿಂದ 21ಕ್ಕೆ ಇಳಿಸಿದಾಗ ಹಾಗೆಯೇ ಮಾಡಿದರು. ಅಂದು ಒಬ್ಬ ಡೆಮಾಕ್ರಟನೂ ಪರವಾಗಿ ಮತ ಹಾಕಲಿಲ್ಲ.

ನಿರುದ್ಯೋಗ ಭತ್ಯೆ ಮತ್ತು ಊಟದ ನೆರವು

ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2009ರ ಕಾಯಿದೆ ನಿರುದ್ಯೋಗ ಭತ್ಯೆಗೆ ವಾರಕ್ಕೆ 25 ಡಾಲರ್ ಸೇರಿಸಿತು, ಆಹಾರ ನೆರವಿನ ಗರಿಷ್ಠ ಮೊತ್ತವನ್ನು ಶೇ 13.6ರಷ್ಟು ಏರಿಸಿತು. ಈ ಹಣ ಪಡೆದವರು ಅದನ್ನು ಆ ವಾರವೇ ದಿನಸಿ ಅಂಗಡಿಗೆ, ಮನೆ ಬಾಡಿಗೆಗೆ ಕೊಡುತ್ತಾರೆ. 2008ರ ಚುನಾವಣೆಯಲ್ಲಿ ಮೆಕೇನ್ ಅವರಿಗೆ ಸಲಹೆ ಕೊಟ್ಟಿದ್ದ ಅರ್ಥಶಾಸ್ತ್ರಜ್ಞ ಮಾರ್ಕ್ ಜಾಂಡಿ ಅವರ ಗುಣಕಗಳ ಪಟ್ಟಿಯಲ್ಲೂ ಆಹಾರ ನೆರವೇ ಎಲ್ಲಕ್ಕಿಂತ ಮೇಲಿತ್ತು: ಒಂದು ಡಾಲರಿಗೆ ಸುಮಾರು 1.73 ಡಾಲರ್. ಭತ್ಯೆ ದೀರ್ಘವಾದರೆ ಕೆಲಸ ಹುಡುಕುವ ಆತುರ ಕಡಿಮೆಯಾಗುತ್ತದೆ ಎಂಬ ಆಕ್ಷೇಪಕ್ಕೆ ಕೆಲಸಗಳು ಖಾಲಿ ಬಿದ್ದಿರುವ ಕಾಲದಲ್ಲಿ ತೂಕವಿದೆ. 2009ರ ಅಕ್ಟೋಬರಿನಲ್ಲಿ ನಿರುದ್ಯೋಗ ಶೇ 10 ಮುಟ್ಟಿದಾಗ ಹುಡುಕಲು ಕೆಲಸವಾದರೂ ಎಲ್ಲಿತ್ತು?

ರಾಜ್ಯಗಳ ಕೈಗೆ ಹಣ: ಯಾರೂ ಹೊಗಳದ ಆಯ್ಕೆ

ನನ್ನ ಮಟ್ಟಿಗೆ ಇಡೀ ಹೋಲಿಕೆಯ ತಿರುಳು ಇಲ್ಲಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಅಮೆರಿಕದ ಬಹುತೇಕ ಎಲ್ಲ ರಾಜ್ಯಗಳಲ್ಲಿ ಕಾನೂನೇ ಆಗಿದೆ: ಆದಾಯಕ್ಕೆ ತಕ್ಕಷ್ಟೇ ಬಜೆಟ್ ಇರಬೇಕು. ಹಿಂಜರಿತದಲ್ಲಿ ಹಾಸಿಗೆಯೇ ಕುಗ್ಗುತ್ತದೆ. ಮಾರಾಟ ತೆರಿಗೆ ಬೀಳುತ್ತದೆ, ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ಗೆ ಅರ್ಜಿಗಳು ಏರುತ್ತವೆ, ಜನರಿಗೆ ನೆರವು ಬೇಕಾದ ಹೊತ್ತಿಗೇ ರಾಜ್ಯ ಶಿಕ್ಷಕರನ್ನೂ ಪೊಲೀಸರನ್ನೂ ಮನೆಗೆ ಕಳುಹಿಸುತ್ತದೆ. ಕೇಂದ್ರ ಒಂದು ಕೈಯಿಂದ ಸುರಿದದ್ದನ್ನು ರಾಜ್ಯಗಳು ಇನ್ನೊಂದು ಕೈಯಿಂದ ಹಿಂಗಿಸುತ್ತವೆ. 2009ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ತಾನು ಕೊಡಬೇಕಾದವರಿಗೆ ನಗದಿನ ಬದಲು ‘ಮುಂದೆ ಕೊಡುತ್ತೇವೆ’ ಎಂಬ ಚೀಟಿಗಳನ್ನು ಹಂಚಿತು. ಸಿಲಿಕಾನ್ ಕಣಿವೆ ಇರುವ ರಾಜ್ಯದ ಸ್ಥಿತಿ ಅದು.

ಚೇತರಿಕೆ ಕಾಯಿದೆ ಮೆಡಿಕೇಡ್‌ನಲ್ಲಿ ಕೇಂದ್ರದ ಪಾಲನ್ನು ಏರಿಸಲು ಸುಮಾರು 8,700 ಕೋಟಿ ಡಾಲರ್, ಶಾಲೆಗಳು ಮುಖ್ಯವಾಗಿದ್ದ ರಾಜ್ಯ ಸ್ಥಿರತಾ ನಿಧಿಗೆ 5,360 ಕೋಟಿ ಡಾಲರ್ ಕೊಟ್ಟಿತು. ಪಕ್ಷಗಳ ಹಗ್ಗಜಗ್ಗಾಟದಲ್ಲಿ ಕತ್ತರಿ ಬಿದ್ದದ್ದೂ ಇದೇ ಬಾಬಿಗೆ. ಪ್ರತಿನಿಧಿ ಸಭೆ ಆ ನಿಧಿಗೆ 7,900 ಕೋಟಿ ಇಟ್ಟಿತ್ತು. ಕಾಲಿನ್ಸ್ ಮತ್ತು ಡೆಮಾಕ್ರಟ್ ಬೆನ್ ನೆಲ್ಸನ್ ಮುಂದಾಳತ್ವದ ಮಧ್ಯಮಪಂಥಿಗಳು ಸೆನೆಟ್‌ನಲ್ಲಿ 4,000 ಕೋಟಿ ತೆಗೆಸಿದರು. ಕೊನೆಗೆ ನಡುವೆ ಎಲ್ಲೋ ರಾಜಿಯಾಯಿತು. ಮೆಡಿಕೇಡ್ ನೆರವು ಹೆಚ್ಚು ಬಂದ ರಾಜ್ಯ, ಕಡಿಮೆ ಬಂದ ರಾಜ್ಯಗಳನ್ನು ಹೋಲಿಸಿದ ಗೇಬ್ರಿಯಲ್ ಚೋಡೊರೊ-ರೈಕ್ ಮತ್ತು ಸಹ ಸಂಶೋಧಕರಿಗೆ, ಪ್ರತಿ 1,00,000 ಡಾಲರಿಗೆ ಒಂದು ವರ್ಷದ ಸುಮಾರು 3.8 ಉದ್ಯೋಗಗಳು ಹೆಚ್ಚಿದ್ದು ಕಂಡಿತು. ಚರ್ಚೆಯಲ್ಲಿ ಚಪ್ಪಾಳೆ ಗಿಟ್ಟಿಸದ ಬಾಬು ಇಷ್ಟು ಕೆಲಸ ಮಾಡಿತ್ತು. ನೆರವು ಬತ್ತಿದ ಮೇಲೆ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳ ನೌಕರರ ಸಂಖ್ಯೆ ವರ್ಷಗಟ್ಟಲೆ ಇಳಿಯಿತು.

ಇದಕ್ಕೂ ಒಂದು ಪ್ರಾಮಾಣಿಕ ವಿರೋಧವಿತ್ತು. ತಾತ್ಕಾಲಿಕ ಹಣವನ್ನು ನೆಚ್ಚಿ ಖಾಯಂ ಖರ್ಚು ಹೊತ್ತುಕೊಂಡರೆ ಎರಡು ವರ್ಷಗಳ ನಂತರ ಏನು ಮಾಡಬೇಕು ಎಂದು ದಕ್ಷಿಣ ಕೆರೊಲಿನಾದ ಗವರ್ನರ್ ಮಾರ್ಕ್ ಸ್ಯಾನ್‌ಫರ್ಡ್ ಕೇಳಿದರು. ತಮ್ಮ ಪಾಲಿನ ಸುಮಾರು 70 ಕೋಟಿ ಡಾಲರನ್ನು ರಾಜ್ಯದ ಸಾಲ ತೀರಿಸಲು ಬಳಸುತ್ತೇನೆ ಎಂದರು. ಶ್ವೇತಭವನ ಒಪ್ಪಲಿಲ್ಲ. 2009ರ ಜೂನ್‌ನಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹಣಕ್ಕೆ ಅರ್ಜಿ ಹಾಕುವಂತೆ ಗವರ್ನರರಿಗೆ ಆದೇಶಿಸಿತು. ಸ್ಯಾನ್‌ಫರ್ಡ್ ಎತ್ತಿದ ಪ್ರಶ್ನೆ ಒಳ್ಳೆಯದು. ಉದ್ಯೋಗ ಕುಸಿಯುತ್ತಿದ್ದ ಆ ವರ್ಷಕ್ಕೆ ಸಾಲ ತೀರಿಸುವ ಉತ್ತರ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ರಸ್ತೆ, ರೈಲು, ಕಟ್ಟಡ

ಬಾಯಾರಿದಾಗ ಬಾವಿ ತೋಡುವ ಕಷ್ಟ ಇಲ್ಲಿದೆ. ಹಳೆಯ ಹೆದ್ದಾರಿಗೆ ಹೊಸ ಡಾಂಬರು ಹಾಕುವುದು ಬೇಗ ಆಯಿತು. ಹೊಸದಾಗಿ ಕಟ್ಟುವುದು ಆಗಲಿಲ್ಲ. ಅತಿವೇಗದ ರೈಲಿಗೆ ಇಟ್ಟ 800 ಕೋಟಿ ಡಾಲರ್ ರಾಜಕೀಯದಲ್ಲಿ ಸಿಕ್ಕಿಕೊಂಡಿತು. ವಿಸ್ಕಾನ್ಸಿನ್, ಓಹಿಯೊ, ಫ್ಲಾರಿಡಾಗಳ ಹೊಸ ರಿಪಬ್ಲಿಕನ್ ಗವರ್ನರುಗಳು ರೈಲಿನ ಅನುದಾನವನ್ನು ಬೇಡವೆಂದರು. ಬಡವರ ಮನೆಗಳಿಗೆ ಚಳಿ ತಡೆಯುವ ದುರಸ್ತಿ ಮಾಡಿಸಲು ಇಟ್ಟ 500 ಕೋಟಿ ಡಾಲರ್, ಕೂಲಿ ದರ ನಿಗದಿಯಾಗುವವರೆಗೆ ಅನೇಕ ಕಡೆ ತಿಂಗಳುಗಟ್ಟಲೆ ಕಾಯಿತು. ಹಾರೆ ಹಿಡಿದು ತಕ್ಷಣ ಶುರುಮಾಡಬಲ್ಲ ಕಾಮಗಾರಿ ಎಂಬುದು ನಿಜಕ್ಕೂ ಇಲ್ಲ ಎಂದು 2010ರಲ್ಲಿ ಒಬಾಮ ಅವರೇ ಒಪ್ಪಿಕೊಂಡರು. ವಿರೋಧ ಪಕ್ಷ ಮೊದಲಿನಿಂದ ಎಚ್ಚರಿಸಿದ್ದು ಇದನ್ನೇ. ಆದರೆ ಅವರ ಸಿಟ್ಟಿನ ಬಹುಪಾಲು ವ್ಯರ್ಥವಾದದ್ದು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಮೈದಾನದ ಹುಲ್ಲುಹಾಸಿಗೆ ಇಟ್ಟಿದ್ದ 20 ಕೋಟಿ ಡಾಲರಿನಂಥ ಸಣ್ಣ ಬಾಬುಗಳ ಮೇಲೆ. ಅದನ್ನು ಆರಂಭದಲ್ಲೇ ಕೈಬಿಟ್ಟರೂ ಪಕ್ಷದ ಮತ ಬದಲಾಗಲಿಲ್ಲ.

ಹಿಂಜರಿತ ಆರು ತಿಂಗಳಲ್ಲಿ ಮುಗಿಯುವಂತಿದ್ದರೆ ಈ ಆಯ್ಕೆಯನ್ನು ಬದಿಗಿಡಿ. ಬ್ಯಾಂಕುಗಳು ಕುಸಿದು ಬಂದ ಹಿಂಜರಿತ ವರ್ಷಗಟ್ಟಲೆ ಕಾಡುತ್ತದೆ; ಅಲ್ಲಿ ತಡವಾಗಿ ಬಂದ ಕಾಮಗಾರಿಯೂ ಕೆಲಸಕ್ಕೆ ಬರುತ್ತದೆ.

ಮೊತ್ತ ಎಷ್ಟು?

ಪಕ್ಷಗಳು ಬಾಗಿಲಿನ ಬಗ್ಗೆ ಕಾದಾಡುವಾಗ ಮೊತ್ತದ ಪ್ರಶ್ನೆ ಹಿಂದೆ ಸರಿಯುತ್ತದೆ. ಮತದಾನದ ಹೊತ್ತಿಗೆ ಶಾಸಕರ ಮುಂದಿದ್ದ ಅಂಕಿ, 2008ರ ಕೊನೆಯ ತ್ರೈಮಾಸಿಕದಲ್ಲಿ ಜಿಡಿಪಿ ವಾರ್ಷಿಕ ಶೇ 3.8ರ ದರದಲ್ಲಿ ಕುಸಿಯಿತು ಎಂಬುದು. ನಂತರದ ಪರಿಷ್ಕರಣೆಗಳಲ್ಲಿ ಅದು ಶೇ 8 ದಾಟಿತು. ರೋಗದ ಅಂದಾಜೇ ಅರ್ಧಕ್ಕಿಂತ ಕಡಿಮೆ ಇತ್ತು. ಉತ್ತೇಜನ ಕೊಟ್ಟರೆ ನಿರುದ್ಯೋಗ ಸುಮಾರು ಶೇ 8ರಲ್ಲಿ ನಿಲ್ಲುತ್ತದೆ ಎಂದು ರೋಮರ್–ಬರ್ನ್‌ಸ್ಟೈನ್ ವರದಿ ಹೇಳಿ ಕೆಟ್ಟಿತು. ಅದು ಶೇ 10ಕ್ಕೆ ಏರಿದಾಗ ರಿಪಬ್ಲಿಕನ್ನರು ಕಾಯಿದೆ ಸೋತಿತು ಎಂದರು, ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್‌ಮನ್‌ರಂಥವರು ಮೊತ್ತ ಸಾಲಲಿಲ್ಲ ಎಂದರು. 2010ರ ಮೂರನೆಯ ತ್ರೈಮಾಸಿಕದ ಹೊತ್ತಿಗೆ ಕಾಯಿದೆಯಿಂದ 14 ಲಕ್ಷದಿಂದ 36 ಲಕ್ಷ ಜನರಿಗೆ ಹೆಚ್ಚುವರಿ ಉದ್ಯೋಗ ಸಿಕ್ಕಿತೆಂದು ಬಜೆಟ್ ಕಚೇರಿ ಅಂದಾಜಿಸಿತು. ಆ ಅಂದಾಜು ಗುಣಕಗಳನ್ನು ಇಟ್ಟುಕೊಂಡೇ ಮಾಡಿದ್ದು, ತಲೆ ಎಣಿಸಿ ಮಾಡಿದ್ದಲ್ಲ; ಓದುವಾಗ ಇದು ನೆನಪಿರಲಿ.

2021ರ ಮಾರ್ಚ್‌ನಲ್ಲಿ ಡೆಮಾಕ್ರಟರು ಹಳೆಯ ತಪ್ಪು ಮರುಕಳಿಸಬಾರದೆಂದು 1.9 ಲಕ್ಷ ಕೋಟಿ ಡಾಲರಿನ ಕಾಯಿದೆಯನ್ನು ತಮ್ಮದೇ ಮತಗಳಿಂದ ಅಂಗೀಕರಿಸಿದರು. ಮೊತ್ತ ಅತಿಯಾಯಿತು ಎಂದು ಅಂದು ಎಚ್ಚರಿಸಿದವರಲ್ಲಿ ಸಮರ್ಸ್ ಕೂಡ ಇದ್ದರು. ಉದ್ಯೋಗ ಬೇಗ ಮರಳಿತು. 2022ರ ಜೂನ್‌ನಲ್ಲಿ ಹಣದುಬ್ಬರ ಶೇ 9.1 ಮುಟ್ಟಿತು. ಅದರಲ್ಲಿ ಕೋವಿಡ್ ಕಾಲದ ಸರಕು ಕೊರತೆಯ ಪಾಲೆಷ್ಟು, ಉಕ್ರೇನ್ ಯುದ್ಧದ ಪಾಲೆಷ್ಟು, ಕಾಯಿದೆಯ ಪಾಲೆಷ್ಟು ಎಂಬ ವಾದ ನಡೆದೇ ಇದೆ. ಕಾಯಿದೆಯ ಪಾಲು ಸೊನ್ನೆ ಎನ್ನುವವರನ್ನು ನಾನು ನಂಬುವುದಿಲ್ಲ.

ಬೆಂಗಳೂರಿನಿಂದ ನೋಡಿದರೆ

ಕಡಿತಕ್ಕೂ ಖರ್ಚಿಗೂ ನಮ್ಮವರ ದೃಷ್ಟಿಯಿಂದ ಇನ್ನೊಂದು ವ್ಯತ್ಯಾಸವಿದೆ. ತೆರಿಗೆ ಉಳಿಸಿದವನು ಆ ಹಣದಿಂದ ಯಾವ ದೇಶದ ವಸ್ತುವನ್ನಾದರೂ ಕೊಳ್ಳಬಹುದು. ಸರ್ಕಾರ ಖರ್ಚು ಮಾಡುವಾಗ ಷರತ್ತು ಹಾಕುತ್ತದೆ. 2009ರ ಕಾಯಿದೆ ಸಾರ್ವಜನಿಕ ಕಾಮಗಾರಿಗಳಿಗೆ ಅಮೆರಿಕದ ಕಬ್ಬಿಣ, ಉಕ್ಕು, ತಯಾರಿಕೆಯನ್ನೇ ಬಳಸಬೇಕೆಂದಿತು. ಸರ್ಕಾರಿ ನೆರವು ಪಡೆದ ಬ್ಯಾಂಕುಗಳು ಎಚ್-1ಬಿ ವೀಸಾದವರನ್ನು ನೇಮಿಸಿಕೊಳ್ಳಬೇಕಾದರೆ ಅಮೆರಿಕನ್ನರನ್ನು ಬದಿಗೊತ್ತಿಲ್ಲ ಎಂದು ಪ್ರಮಾಣೀಕರಿಸಬೇಕಿತ್ತು; ಎಡಪಂಥದ ಬರ್ನಿ ಸ್ಯಾಂಡರ್ಸ್, ರಿಪಬ್ಲಿಕನ್ ಚಕ್ ಗ್ರಾಸ್ಲಿ ಕೂಡಿ ಆ ಕಲಮು ಸೇರಿಸಿದ್ದರು. ಆ ಮೇ ತಿಂಗಳಲ್ಲಿ ಒಬಾಮ, ಬಫಲೋದಲ್ಲಿ ಉದ್ಯೋಗ ಸೃಷ್ಟಿಸುವವರಿಗಿಂತ ಬೆಂಗಳೂರಿನಲ್ಲಿ ಸೃಷ್ಟಿಸುವವರಿಗೆ ಕಡಿಮೆ ತೆರಿಗೆ ಬೀಳುವ ವ್ಯವಸ್ಥೆಯನ್ನು ಟೀಕಿಸಿದಾಗ ನಮ್ಮ ಊರಿನ ಹೆಸರು ಅಲ್ಲಿನ ತೆರಿಗೆ ಚರ್ಚೆಯ ನಡುವೆಯೇ ಬಂದು ನಿಂತಿತು.

ಅಮೆರಿಕದಲ್ಲೇ ಇರುವ ನಮ್ಮ ಕುಟುಂಬಗಳಿಗೆ ಮುಟ್ಟಿದ ಸಂಗತಿ ಇನ್ನೂ ಹತ್ತಿರದ್ದು. 2008ರ ಚೆಕ್ಕಿಗೆ ಜಂಟಿಯಾಗಿ ತೆರಿಗೆ ವಿವರ ಸಲ್ಲಿಸುವ ಗಂಡ ಹೆಂಡತಿ ಇಬ್ಬರಿಗೂ ಸಾಮಾಜಿಕ ಭದ್ರತಾ ಸಂಖ್ಯೆ ಇರಬೇಕಿತ್ತು. ಎಚ್-1ಬಿ ನೌಕರರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿ ಬಂದ ಸಂಗಾತಿಗೆ ಕೆಲಸ ಮಾಡುವ ಅನುಮತಿಯೇ ಇರಲಿಲ್ಲ, ಹಾಗಾಗಿ ಆ ಸಂಖ್ಯೆಯೂ ಇರುತ್ತಿರಲಿಲ್ಲ. ವರ್ಷವಿಡೀ ತೆರಿಗೆ ಕಟ್ಟಿದ ಅಂಥ ಮನೆಗಳಿಗೆ ಒಂದು ಡಾಲರೂ ಬರಲಿಲ್ಲ. 2009ರ 400 ಡಾಲರಿನ ರಿಯಾಯಿತಿಗೆ ಇಬ್ಬರಲ್ಲಿ ಒಬ್ಬರ ಸಂಖ್ಯೆ ಸಾಕಾಗಿತ್ತು. 2020ರ ಮಾರ್ಚ್‌ನಲ್ಲಿ ಸೆನೆಟ್ 96–0ರಿಂದ ಅಂಗೀಕರಿಸಿದ ಕೋವಿಡ್ ಕಾಯಿದೆ ಮತ್ತೆ ಹಳೆಯ ನಿಯಮಕ್ಕೇ ಹೋಯಿತು. ಆ ಡಿಸೆಂಬರಿನ ಕಾಯಿದೆ ಅದನ್ನು ಪೂರ್ವಾನ್ವಯವಾಗಿ ತಿದ್ದಿ, ಸಂಖ್ಯೆ ಇರುವ ಸಂಗಾತಿಯ ಪಾಲನ್ನು ಕೊಟ್ಟಿತು. ಮುಂದಿನ ಮಸೂದೆ ಬಂದಾಗ ಯಾವ ಪಕ್ಷದ್ದೆಂದು ನೋಡುವ ಮೊದಲು ಅರ್ಹತೆಯ ಕಲಮನ್ನು ತೆರೆದು ಓದಿ. ನಿಮ್ಮ ಮನೆಗೆ ಅನ್ಯಾಯವಾಗುವಂತಿದ್ದರೆ ಮತದಾನಕ್ಕೆ ಮುಂಚೆಯೇ ನಿಮ್ಮ ಕ್ಷೇತ್ರದ ಪ್ರತಿನಿಧಿಯ ಕಚೇರಿಗೆ ಫೋನ್ ಮಾಡಿ. 2020ರಲ್ಲಿ ತಿದ್ದುಪಡಿ ಬರಲು ಒಂಬತ್ತು ತಿಂಗಳು ಹಿಡಿಯಿತು.